ಅಜ್ಜಿ ಒಂದು ದಿನವೂ ವ್ಯಾಯಾಮ ಮಾಡಲಿಲ್ಲ

ನಮ್ಮಜ್ಜಿ ನೆಲದಿಂದ ಏಳುವುದನ್ನು ಚಿಕ್ಕವಳಿದ್ದಾಗ ಸಾವಿರ ಸಲ ನೋಡಿದ್ದೇನೆ. ಅದರಲ್ಲೇನು ವಿಶೇಷ ಅಂತ ಆಗ ಅನ್ನಿಸಿರಲಿಲ್ಲ. ಎಂಬತ್ತು ದಾಟಿದ ಮೇಲೂ ಚಕ್ಕಳಮಕ್ಕಳ ಹಾಕಿ ಕೂತಲ್ಲಿಂದ ಸ್ವಲ್ಪ ಮುಂದಕ್ಕೆ ಬಾಗಿ, ಒಂದು ಪಾದ ಊರಿ, ಸರಕ್ಕನೆ ಎದ್ದುಬಿಡುತ್ತಿದ್ದರು. ಗೋಡೆ ಹಿಡಿಯುತ್ತಿರಲಿಲ್ಲ. ಮಂಡಿಗೆ ಕೈ ಕೊಡುತ್ತಿರಲಿಲ್ಲ. ಮೊನ್ನೆ ನಾನು ನೆಲದ ಮೇಲೆ ಹರಡಿದ್ದ ಕಾಗದಗಳನ್ನು ಜೋಡಿಸಿಕೊಂಡು ಏಳಲು ಹೋದೆ. ಮೊದಲು ಬಲಗೈ ನೆಲಕ್ಕೆ ಹೋಯಿತು, ಆಮೇಲೆ ಎಡಗೈ ಮಂಡಿಗೆ, ಕೊನೆಗೆ ಪಕ್ಕದ ಕುರ್ಚಿಗೆ. ನನಗಿನ್ನೂ ನಲವತ್ತೈದು.

ಹೀಗೆ ಕೂತು ಏಳುವುದನ್ನೇ ಬ್ರೆಜಿಲ್‌ನ ವೈದ್ಯರು ಒಂದು ಪರೀಕ್ಷೆಯಾಗಿ ಮಾಡಿದ್ದಾರೆ. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ, ಮಂಡಿ, ಮೊಣಕೈ ಯಾವುದನ್ನು ಊರಿದರೂ ಪ್ರತಿ ಸಲ ಒಂದು ಅಂಕ ಕಡಿತ. 51ರಿಂದ 80 ವರ್ಷದ 2,002 ಜನರಿಗೆ ಈ ಪರೀಕ್ಷೆ ಮಾಡಿ, ಮುಂದಿನ ಕೆಲವು ವರ್ಷ ಅವರ ಆರೋಗ್ಯವನ್ನು ಗಮನಿಸಿದರು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಹೋಲಿಸಿದರೆ, 3 ಅಂಕದೊಳಗೆ ಉಳಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗಿಂತ ಜಾಸ್ತಿ ಇತ್ತು. ನೆಲದ ಮೇಲೆ ಕೂತರೆ ಆಯಸ್ಸು ಬೆಳೆಯುತ್ತದೆ ಅಂತ ಇದರ ಅರ್ಥ ಅಲ್ಲ. ಕಾಲಿನ ಬಲ, ಕೀಲುಗಳ ಸಡಿಲತೆ, ಮೈಯ ಸಮತೋಲ ಮೂರೂ ಸರಿ ಇದ್ದರೆ ಮಾತ್ರ ಹಾಗೆ ಏಳಲು ಆಗುತ್ತದೆ. ಆ ಮೂರು ಇರುವ ಮುದುಕರು ಬೀಳುವುದು ಕಡಿಮೆ, ಹಾಸಿಗೆ ಹಿಡಿಯುವುದೂ ಕಡಿಮೆ.

ಅಜ್ಜಿ ಇದಕ್ಕಾಗಿ ಏನು ಮಾಡಿದ್ದರು? ಏನೂ ಇಲ್ಲ. ವ್ಯಾಯಾಮ ಅನ್ನುವ ಮಾತೇ ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಊಟಕ್ಕೆ ನೆಲ, ಕೆಲಸಕ್ಕೆ ನೆಲ, ಮಲಗುವುದಕ್ಕೆ ನೆಲ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕೂತು ಏಳದೆ ಆ ಮನೆಯಲ್ಲಿ ಬದುಕುವುದಕ್ಕೇ ಆಗುತ್ತಿರಲಿಲ್ಲ.

ಹಳೆಯ ಜೀವನಶೈಲಿಯ ಬಗ್ಗೆ ಬರುವ ಬಹಳಷ್ಟು ಮಾತು ಈ ಒಂದು ವಿಷಯವನ್ನೇ ಬಿಟ್ಟುಬಿಡುತ್ತದೆ. ನಮ್ಮ ಹಿರಿಯರು ನಮಗಿಂತ ಶಿಸ್ತಿನವರು, ಮನಸ್ಸು ಗಟ್ಟಿ ಇದ್ದವರು ಅನ್ನುವ ಹಾಗೆ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಆರೋಗ್ಯಕ್ಕಾಗಿ ಪ್ರಯತ್ನ ಪಡುತ್ತಿರಲಿಲ್ಲ. ಅವರ ದಿನವೇ ಹಾಗಿತ್ತು. ಕತ್ತಲಾದರೆ ಮಾಡಲು ಕೆಲಸವಿಲ್ಲ, ಆದ್ದರಿಂದ ಮಲಗುತ್ತಿದ್ದರು. ಹೋಗಬೇಕಾದ ಕಡೆಗೆ ವಾಹನವಿಲ್ಲ, ಆದ್ದರಿಂದ ನಡೆಯುತ್ತಿದ್ದರು. ಮನೆ ತುಂಬ ಜನ, ಆದ್ದರಿಂದ ಮಾತು. ನಾವು ಒಂದೊಂದೇ ಸೌಕರ್ಯ ತಂದುಕೊಂಡೆವು. ಒಂದೊಂದು ಸೌಕರ್ಯವೂ ಒಂದೊಂದು ಚಲನೆಯನ್ನು, ಒಂದಿಷ್ಟು ಕತ್ತಲನ್ನು, ಒಂದು ಭೇಟಿಯನ್ನು ಕಿತ್ತುಕೊಂಡಿತು. ಈಗ ಅವುಗಳನ್ನೆಲ್ಲ ಛಲದಿಂದ ವಾಪಸ್ ಪಡೆಯಲು ಹೊರಟಿದ್ದೇವೆ. ಜನವರಿಯಲ್ಲಿ ಶುರುವಾದದ್ದು ಫೆಬ್ರವರಿಗೆ ನಿಂತುಹೋಗುವುದು ಅದಕ್ಕೇ ಅಲ್ವಾ?

ನಾವು ಎಲ್ಲಿಗೆ ಬಂದು ನಿಂತಿದ್ದೇವೆ ನೋಡಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟಾದರೂ ಮೈ ದುಡಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಕೂಡ ಆಗಲಿಲ್ಲ ಅದು. ಆದರೂ 2022ರ ಲೆಕ್ಕದಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ. 31ರಷ್ಟು ಜನ, ಅಂದರೆ ಸುಮಾರು 180 ಕೋಟಿ ಜನ, ಅಷ್ಟೂ ಮಾಡುತ್ತಿರಲಿಲ್ಲ. 2010ರಲ್ಲಿ ಇದು ಶೇ. 26 ಇತ್ತು. ಈ ಹನ್ನೆರಡು ವರ್ಷಗಳಲ್ಲಿ ವ್ಯಾಯಾಮದ ಆ್ಯಪ್‌ಗಳು, ಹೆಜ್ಜೆ ಎಣಿಸುವ ವಾಚುಗಳು ಎಷ್ಟು ಬಂದವು ನೆನಪಿಸಿಕೊಳ್ಳಿ. ತಿಳಿವಳಿಕೆ ಏರಿತು, ನಡಿಗೆ ಇಳಿಯಿತು.

ಕೆಲಸದ ಒಳಗೇ ಸೇರಿಕೊಂಡಿರುವ ಚಲನೆಗೆ ಎಷ್ಟು ಬೆಲೆ ಇದೆ ಅನ್ನುವುದು ಮೊದಲು ಕಂಡದ್ದು ಲಂಡನ್ನಿನ ಬಸ್ಸುಗಳಲ್ಲಿ. ಆಗ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಚಾಲಕ ದಿನವಿಡೀ ಕೂತೇ ಇರುತ್ತಿದ್ದ. ಅದೇ ಬಸ್ಸಿನ ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದ್ದೂ ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಥರದ ಬದುಕು. ಜೆರ‍್ರಿ ಮಾರಿಸ್ ಎಂಬ ವೈದ್ಯರು ಇವರ ಹೃದ್ರೋಗದ ದಾಖಲೆ ನೋಡಿ 1953ರಲ್ಲಿ ಪ್ರಕಟಿಸಿದರು. ಚಾಲಕರಿಗೆ ಹೃದಯಾಘಾತ ಜಾಸ್ತಿ, ಅದರಲ್ಲಿ ಸಾಯುವುದೂ ಜಾಸ್ತಿ. ಚಾಲಕರು ಮೊದಲೇ ದಪ್ಪಗಿದ್ದರೇನೋ ಅಂತ ಅವರಿಗೇ ಅನುಮಾನ ಬಂತು. ಸಮವಸ್ತ್ರದ ಪ್ಯಾಂಟಿನ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟ ನಿಜಕ್ಕೂ ದೊಡ್ಡದಿತ್ತು, ಹಾಗಾಗಿ ಎಲ್ಲವೂ ಮೆಟ್ಟಿಲಿನ ಪುಣ್ಯ ಅನ್ನುವಂತಿರಲಿಲ್ಲ. ಆದರೆ ಅಂಚೆ ಇಲಾಖೆಯಲ್ಲೂ ಇದೇ ಚಿತ್ರ ಕಂಡಿತು. ಮನೆಮನೆಗೆ ಕಾಗದ ಹಂಚುತ್ತಿದ್ದವರ ಹೃದಯ ಕೂತು ಕೆಲಸ ಮಾಡುವ ಗುಮಾಸ್ತರದ್ದಕ್ಕಿಂತ ಚೆನ್ನಾಗಿತ್ತು. ಆ ಕಂಡಕ್ಟರ್ ಯಾವತ್ತೂ 'ಇವತ್ತು ಮೂಡ್ ಇಲ್ಲ, ಮೆಟ್ಟಿಲು ನಾಳೆ ಹತ್ತುತ್ತೇನೆ' ಅಂದಿರಲಾರ. ಟಿಕೆಟ್ ಕೊಡಬೇಕಲ್ಲ!

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಹಳಬರು ಬೆಳಗಿನಿಂದ ರಾತ್ರಿವರೆಗೆ ಬೆವರು ಸುರಿಸುತ್ತಲೇ ಇದ್ದರು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ತಾಂಜಾನಿಯಾದಲ್ಲಿ ಹಾಡ್ಜಾ ಎಂಬ ಜನರಿದ್ದಾರೆ. ಅವರಲ್ಲಿ ಹಲವರು ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಾರೆ. ಅವರ ತೊಡೆಗೆ ಅಳತೆಯ ಸಾಧನ ಕಟ್ಟಿ ನೋಡಿದ ಸಂಶೋಧಕರು 2020ರಲ್ಲಿ ಬರೆದ ಪ್ರಕಾರ, ಹಾಡ್ಜಾಗಳೂ ದಿನಕ್ಕೆ ಹತ್ತಿರ ಹತ್ತಿರ 10 ಗಂಟೆ ಸುಮ್ನೆ ಕೂತಿರುತ್ತಾರೆ. ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಅವರಿಗೆ ಕುರ್ಚಿ ಇಲ್ಲ. ಕುಕ್ಕರುಗಾಲಲ್ಲಿ ಕೂರುತ್ತಾರೆ, ಮಂಡಿಯೂರುತ್ತಾರೆ. ಹಾಗೆ ಕೂತಾಗ ಕಾಲಿನ ಸ್ನಾಯುಗಳು ಪೂರ್ತಿ ಮಲಗುವುದಿಲ್ಲ, ಸಣ್ಣಗೆ ಕೆಲಸ ಮಾಡುತ್ತಲೇ ಇರುತ್ತವೆ. ಕುರ್ಚಿಗೆ ಒರಗಿದರೆ ಆ ಕೆಲಸವೂ ನಿಲ್ಲುತ್ತದೆ. ವಿಶ್ರಾಂತಿ ತೆಗೆದುಕೊಂಡೆವಲ್ಲ ಅಂತ ಮನಸ್ಸಿನಲ್ಲೇ ಕೊರಗುವವರಿಗೆ ಇದು ಸಮಾಧಾನ ತರಬೇಕು. ತೊಂದರೆ ವಿಶ್ರಾಂತಿಯಲ್ಲಿಲ್ಲ, ಮೈಯನ್ನು ಪೂರ್ತಿ ಕುರ್ಚಿಗೆ ಒಪ್ಪಿಸಿ ಗಂಟೆಗಟ್ಟಲೆ ಅಲ್ಲಾಡದೆ ಇರುವುದರಲ್ಲಿದೆ.

ಊಟವಾದ ಮೇಲೆ ನಾಲ್ಕು ಹೆಜ್ಜೆ ಹಾಕುವುದೂ ಹೀಗೇ. ಉಂಡ ಸ್ವಲ್ಪ ಹೊತ್ತಿಗೇ ರಕ್ತದಲ್ಲಿ ಸಕ್ಕರೆ ಏರತೊಡಗುತ್ತದೆ. ಆಗ ಕಾಲಿನ ಸ್ನಾಯು ಕೆಲಸ ಮಾಡುತ್ತಿದ್ದರೆ ಆ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಕೆಲವು ವಯಸ್ಸಾದವರ ಮೇಲೆ 2013ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಮೂರು ಹೊತ್ತಿನ ಊಟದ ನಂತರ ತಲಾ 15 ನಿಮಿಷ ನಡೆದದ್ದು, ಒಟ್ಟಿಗೆ 45 ನಿಮಿಷ ನಡೆದಷ್ಟೇ ಫಲ ಕೊಟ್ಟಿತು. ರಾತ್ರಿ ಊಟದ ನಂತರದ ಸಕ್ಕರೆಗಂತೂ ಅದೇ ಮೇಲಾಗಿತ್ತು.

ಮೈ ಅಲ್ಲಾಡಿಸುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೆಳಕಿನ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಹಳೆಯ ದಿನಚರಿಯಲ್ಲಿ ನಾವು ಕಳೆದುಕೊಂಡದ್ದರಲ್ಲಿ ಅತಿ ದೊಡ್ಡದು ಅದೇ ಅಂತ ನನ್ನ ನಂಬಿಕೆ.

ನಮ್ಮ ಮೈಯೊಳಗೊಂದು ಗಡಿಯಾರ ಇದೆ. ಇದು ಬರೀ ಉಪಮೆಯಲ್ಲ. ಜೀವಕೋಶದೊಳಗಿನ ಜೀನುಗಳು 24 ಗಂಟೆಯ ಆಸುಪಾಸಿನಲ್ಲಿ ಏರಿ ಇಳಿದು ಹೇಗೆ ಸಮಯ ಇಡುತ್ತವೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ ಮುಖ್ಯ ಗಡಿಯಾರ ಕೂತಿದೆ. ಅದನ್ನು ದಿನಾ ಸರಿಪಡಿಸಿಕೊಡುವುದು ಕಣ್ಣಿಗೆ ಬೀಳುವ ಬೆಳಕು. ಅದಕ್ಕೆಂದೇ ಕಣ್ಣಿನ ಪರದೆಯಲ್ಲಿ ಬೇರೆ ಕೋಶಗಳಿವೆ. ಹೊರಗೆ ಎಷ್ಟು ಬೆಳಕಿದೆ, ಹಗಲೋ ರಾತ್ರಿಯೋ ಅಂತ ಮಿದುಳಿಗೆ ತಿಳಿಸುವುದೇ ಅವುಗಳ ಮುಖ್ಯ ಕೆಲಸ.

ಈಗ ನಮ್ಮ ದಿನವನ್ನು ಆ ಕೋಶಗಳ ಕಡೆಯಿಂದ ನೋಡಿ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೇರ ಬಿಸಿಲಲ್ಲಿ ಅದು ಸುಮಾರು 1 ಲಕ್ಷ ಲಕ್ಸ್. ಹಗಲಲ್ಲಿ ಮೋಡ ಕವಿದರೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಚೆನ್ನಾಗಿ ದೀಪ ಹಾಕಿದ ಆಫೀಸಿನಲ್ಲಿ ಇರುವುದು 300ರಿಂದ 500. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ಗೊತ್ತೇ ಆಗುವುದಿಲ್ಲ. ಗಡಿಯಾರಕ್ಕೆ ಗೊತ್ತಾಗುತ್ತದೆ. ಇಡೀ ಹಗಲು ಅದಕ್ಕೆ ಮಬ್ಬು. ಸಂಜೆ ಕತ್ತಲಾಗಬೇಕಾದ ಹೊತ್ತಿಗೆ ತಲೆಯ ಮೇಲೆ ಬಿಳಿ ದೀಪ, ಮುಖದ ಮುಂದೆ ಫೋನು. ನಿದ್ದೆಗೆ ಮೈಯನ್ನು ಅಣಿ ಮಾಡುವ ಮೆಲಟೋನಿನ್ ತಡವಾಗಿ ಹೊರಡುತ್ತದೆ. ಹಗಲು ಸಾಕಷ್ಟು ಹಗಲಾಗಲಿಲ್ಲ, ರಾತ್ರಿ ಸಾಕಷ್ಟು ರಾತ್ರಿಯಾಗಲಿಲ್ಲ. ಹನ್ನೆರಡಕ್ಕೆ ಹಾಸಿಗೆಯಲ್ಲಿ ಹೊರಳಾಡುವವರು ತಮ್ಮ ಮನಸ್ಸನ್ನು ಬೈದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಮನಸ್ಸಿನದ್ದಲ್ಲ, ದೀಪದ್ದು.

ಅಮೆರಿಕದ ಕೊಲೊರಾಡೊದಲ್ಲಿ ಕೆನೆತ್ ರೈಟ್ ಎಂಬ ವಿಜ್ಞಾನಿ ಎಂಟು ಜನರನ್ನು ಒಂದು ವಾರ ಬೆಟ್ಟದಲ್ಲಿ ಡೇರೆ ಹಾಕಿ ಇರಿಸಿದರು. ಫೋನಿಲ್ಲ, ಟಾರ್ಚೂ ಇಲ್ಲ. ಹಗಲು ಬಿಸಿಲು, ರಾತ್ರಿ ಬೆಂಕಿಯ ಬೆಳಕು, ಅಷ್ಟೇ. ವಾರ ಮುಗಿಯುವಷ್ಟರಲ್ಲಿ ಅವರ ಒಳಗಿನ ಗಡಿಯಾರ ಸುಮಾರು 2 ಗಂಟೆ ಬೇಗದ ಕಡೆಗೆ ಸರಿದಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಮೆಲಟೋನಿನ್ ಏರತೊಡಗಿತ್ತು. 'ನಾನು ರಾತ್ರಿ ಎಚ್ಚರ ಇರುವ ಜಾತಿ' ಅನ್ನುತ್ತಾರಲ್ಲ, ಅಂಥವರಲ್ಲೇ ಬದಲಾವಣೆ ಜಾಸ್ತಿ. 2013ರ ಈ ಪ್ರಯೋಗ ಚಿಕ್ಕದು ನಿಜ. ಆದರೆ ಆ ಎಂಟು ಜನರಿಗೆ ಯಾರೂ ಬೇಗ ಮಲಗಿ ಅಂತ ಹೇಳಿರಲಿಲ್ಲ. ಸುತ್ತಲಿನ ಬೆಳಕು ಬದಲಾಯಿತು, ಮೈ ತಾನೇ ಬದಲಾಯಿತು.

ನಿದ್ದೆಯ ವಿಷಯದಲ್ಲಿ ಇನ್ನೊಂದು ಕಲ್ಪನೆಯನ್ನೂ ಬಿಡಬೇಕು. ಹಳಬರು ಸೂರ್ಯನ ಜೊತೆ ಮಲಗಿ ಹತ್ತು ಗಂಟೆ ನಿದ್ದೆ ಮಾಡುತ್ತಿದ್ದರು ಅಂತ ನಾನೂ ನಂಬಿದ್ದೆ. ಹಾಡ್ಜಾ, ನಮೀಬಿಯಾದ ಸಾನ್ ಮತ್ತು ಬೊಲಿವಿಯಾದ ಚಿಮಾನೆ ಜನರ ನಿದ್ದೆಯನ್ನು ಅಳೆದ ಅಧ್ಯಯನವೊಂದು 2015ರಲ್ಲಿ ಬಂತು. ವಿದ್ಯುತ್ ಇಲ್ಲದ ಬದುಕು ಅವರದ್ದು. ಸೂರ್ಯ ಮುಳುಗಿ ಮೂರು ಗಂಟೆಯಾದ ಮೇಲೆ ಮಲಗುತ್ತಾರೆ. ನಿದ್ದೆ ಸರಾಸರಿ 5.7ರಿಂದ 7.1 ಗಂಟೆ. ನಮಗಿಂತ ಜಾಸ್ತಿಯೇನಲ್ಲ! ಆದರೆ ಏಳುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ, ನಿದ್ದೆ ಬರಲಿಲ್ಲ ಎಂದು ಒದ್ದಾಡುವವರು ತೀರಾ ಕಡಿಮೆ. ಅವರಲ್ಲಿ ಎರಡು ಸಮುದಾಯಗಳ ಭಾಷೆಯಲ್ಲಿ ನಿದ್ರಾಹೀನತೆಗೆ ಒಂದು ಪದವೂ ಇಲ್ಲ.

ನಾನು ಮಾಡಿದ್ದು ಎರಡೇ ಕೆಲಸ. ಮಲಗುವ ಕೋಣೆಯಲ್ಲಿದ್ದ ಚಾರ್ಜರ್ ಕಿತ್ತು ಹಾಲ್‌ನಲ್ಲಿ ಹಾಕಿದೆ. ಎಂಟೂವರೆಯ ನಂತರ ತಲೆಯ ಮೇಲಿನ ದೀಪ ಆರಿಸಿ ಮೂಲೆಯ ಹಳದಿ ದೀಪ ಒಂದನ್ನೇ ಉಳಿಸಿದೆ. ಮೊದಲ ಮೂರು ರಾತ್ರಿ ಕೈ ತಾನಾಗಿ ದಿಂಬಿನ ಪಕ್ಕ ತಡಕಾಡುತ್ತಿತ್ತು. ಅಲ್ಲಿ ಏನೂ ಸಿಗದೆ ವಾಪಸ್ ಬರುತ್ತಿತ್ತು. ಎರಡನೇ ವಾರಕ್ಕೆ ಹತ್ತರ ಹೊತ್ತಿಗೆ ಆಕಳಿಕೆ ಬರತೊಡಗಿತು. ಮಗ ಮೊದಲು ಗೊಣಗಿದ. ಆಮೇಲೆ ಆ ಮಬ್ಬು ಬೆಳಕಲ್ಲಿ ಬೇರೇನೂ ಮಾಡಲಾಗದೆ ನನ್ನ ಪಕ್ಕ ಬಂದು ಕೂತು ಕಾಲೇಜಿನ ಕತೆ ಹೇಳಲು ಶುರು ಮಾಡಿದ. ಇದು ನಾನು ಲೆಕ್ಕ ಹಾಕಿರದ ಲಾಭ.

ಆಹಾರದ ಬಗ್ಗೆ ಉದ್ದ ಬರೆಯುವುದಿಲ್ಲ, ಎಲ್ಲರೂ ಬರೆಯುತ್ತಾರೆ. ಒಂದೇ ಪ್ರಯೋಗ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಇನ್ನೆರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಅಡುಗೆ. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಎಷ್ಟು ಬೇಕಾದರೂ ತಿನ್ನಬಹುದು. ಕಾರ್ಖಾನೆಯ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ಹತ್ತಿರ ಹತ್ತಿರ ಒಂದು ಕಿಲೊ ದಪ್ಪಗಾದರು. ಬೇಗ ಬೇಗ ತಿಂದದ್ದೂ ಕಂಡುಬಂತು. 2019ರ ಈ ಫಲಿತಾಂಶದ ಮುಂದೆ 'ಬಾಯಿ ಕಟ್ಟಬೇಕು' ಅನ್ನುವ ಉಪದೇಶ ನಿಲ್ಲುವುದಿಲ್ಲ. ಎದುರಿಗೆ ಏನಿದೆಯೋ ಅದರ ಮೇಲೆ ಹಸಿವು ನಿಂತಿದೆ.

ಮನಸ್ಸಿನ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಗಂಟೆಗೆ ನೂರು ಸಾವು. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ಗಟ್ಟಿಯಾದ ಸಂಬಂಧಗಳು ಇದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಜಾಸ್ತಿ ಇತ್ತು.

ಹಳೆಯ ಬದುಕಿನಲ್ಲಿ ಜನರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಕೈಯಲ್ಲಿ ಕೆಲಸ, ಬಾಯಲ್ಲಿ ಮಾತು. ಎದುರುಬದುರು ಕೂತು 'ಈಗ ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು' ಅಂದರೆ ಎಷ್ಟು ಜನ ಬಾಯಿ ಬಿಡುತ್ತಾರೆ? ಇಬ್ಬರೂ ತಲೆ ತಗ್ಗಿಸಿ ಏನೋ ಮಡಚುತ್ತಲೋ ಹೊಲಿಯುತ್ತಲೋ ಇದ್ದಾಗ ಕಷ್ಟದ ಮಾತು ತಾನಾಗಿ ಜಾರಿ ಬರುತ್ತದೆ. ಕೆಲಸಕ್ಕೆ ಇನ್ನೂ ಒಂದು ಗುಣವಿದೆ, ಅದು ಮೂಡಿಗೆ ಕಾಯುವುದಿಲ್ಲ. ಖಿನ್ನತೆಗೆ ಈಗ ಕೊಡುವ ಒಂದು ಮುಖ್ಯ ಮಾತಿನ ಚಿಕಿತ್ಸೆ ಇದೇ ದಾರಿ ಹಿಡಿಯುತ್ತದೆ. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಅಂತ ಕಾಯಬೇಡಿ; ಚಿಕ್ಕದೊಂದು ಕೆಲಸವನ್ನು ದಿನದಲ್ಲಿ ಗೊತ್ತುಮಾಡಿಟ್ಟು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ ಅನ್ನುತ್ತಾರೆ.

ಪ್ರಾರ್ಥನೆ, ಜಪದ ಒಳಗೂ ಮೈಗೆ ಸಂಬಂಧಿಸಿದ ಒಂದು ಗುಟ್ಟಿದೆ. ಇಟಲಿಯ ಲುಚಾನೊ ಬೆರ್ನಾರ್ಡಿ ಎಂಬ ವೈದ್ಯರು 23 ಜನರಿಂದ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ, ಆಮೇಲೆ ಒಂದು ಯೋಗ ಮಂತ್ರವನ್ನು ಹೇಳಿಸಿದರು. ಎರಡೂ ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಆ ಗತಿಯಲ್ಲಿ ಉಸಿರು, ಹೃದಯ ಬಡಿತ, ರಕ್ತದೊತ್ತಡ ಒಂದಕ್ಕೊಂದು ತಾಳ ಕೂಡಿಸುತ್ತವೆ. 2001ರಲ್ಲಿ ಇದು ಪ್ರಕಟವಾಯಿತು. ಬೇರೆ ಬೇರೆ ಧರ್ಮ, ಬೇರೆ ಬೇರೆ ಭಾಷೆ, ಉಸಿರಿನ ಲೆಕ್ಕ ಮಾತ್ರ ಒಂದೇ. ಯಾರೂ ಅಲ್ಲಿ ಉಸಿರು ಎಣಿಸಿರಲಿಲ್ಲ. ಸಾಲಿನ ಉದ್ದವೇ ಎಣಿಸಿಕೊಡುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ಹಳೆಯದೆಲ್ಲ ಚಿನ್ನ ಅನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ಮನುಷ್ಯ ಚರಿತ್ರೆಯ ಬಹುಪಾಲು ಕಾಲ, ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ದೊಡ್ಡವರಾಗುವ ಮೊದಲೇ ಸಾಯುತ್ತಿದ್ದರು. ಲಸಿಕೆ, ಶುದ್ಧ ನೀರು, ಔಷಧಿ ಬಂದ ಮೇಲೆ ಅದು ನಿಂತಿತು. ಚಿಮಾನೆ ಜನರ ಹೃದಯದ ರಕ್ತನಾಳಗಳು ಅಚ್ಚರಿ ಪಡುವಷ್ಟು ಸ್ವಚ್ಛ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 705 ಜನರಲ್ಲಿ ಶೇ. 85ರಷ್ಟು ಜನರಿಗೆ ಅಲ್ಲಿ ಸುಣ್ಣ ಕಟ್ಟಿರಲಿಲ್ಲ. ಆದರೆ ಅದೇ ಜನರನ್ನು ಜೀವನಪೂರ್ತಿ ಸೋಂಕುಗಳು ಕಾಡುತ್ತವೆ. ಒಲೆಯ ಹೊಗೆ ಮನೆಯೊಳಗೆ ತುಂಬಿ 2020ರಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಒಲೆ 'ಸಾಂಪ್ರದಾಯಿಕ'ವೇ. ಹೊತ್ತಿಗೆ ಸರಿಯಾಗಿ ಬಿಸಿ ಊಟ ಅನ್ನುವ ಒಳ್ಳೆಯ ಅಭ್ಯಾಸದ ಹಿಂದೆ, ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುವ ಒಬ್ಬ ಹೆಂಗಸು ಇರುತ್ತಿದ್ದಳು. ಆ ಭಾಗವನ್ನು ವಾಪಸ್ ತರುವುದು ಯಾರಿಗೂ ಬೇಡ.

ಇನ್ನೊಂದು ಮಾತನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ನನಗೆ ತುಂಬಾ ಹತ್ತಿರದವರೊಬ್ಬರು ಬೆಳಿಗ್ಗೆ ಬೇಗ ಏಳುತ್ತಿದ್ದೇನೆ, ನಡೆಯುತ್ತಿದ್ದೇನೆ, ಮೈ ಹಗುರಾಗಿದೆ ಅಂತ ಬಿಪಿ ಮಾತ್ರೆ ತಾವಾಗಿಯೇ ನಿಲ್ಲಿಸಿದರು. ಬಿಪಿ ಏರಿದರೆ ಬಹಳ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಅವರನ್ನು ತುರ್ತು ಚಿಕಿತ್ಸೆಗೆ ಹೊತ್ತುಕೊಂಡು ಓಡಬೇಕಾಯಿತು. ಬದುಕಿದರು, ಆದರೆ ಬಲಗೈ ಇವತ್ತಿಗೂ ಪೂರ್ತಿ ಮಾತು ಕೇಳುವುದಿಲ್ಲ. ಒಳ್ಳೆಯ ದಿನಚರಿಯಿಂದ ಮಾತ್ರೆಯ ಪ್ರಮಾಣ ಕಡಿಮೆಯಾಗಬಹುದು. ಅದನ್ನು ಅಳೆದು ನೋಡಿ ಹೇಳಬೇಕಾದವರು ವೈದ್ಯರು. ಖಿನ್ನತೆಯಲ್ಲಿ ಮುಳುಗಿದವರಿಗೆ 'ಬೆಳಿಗ್ಗೆ ಐದಕ್ಕೆ ಏಳು, ಎಲ್ಲ ಸರಿ ಹೋಗುತ್ತೆ' ಅನ್ನುವುದೂ ಇಂಥದ್ದೇ ಅಪಾಯ. ಏಳಲಾಗದಿರುವುದೇ ಅವರ ಕಾಯಿಲೆ.

ರಾತ್ರಿ ಪಾಳಿಯವರಿಗೂ ಈ ಉಪದೇಶ ಅನ್ಯಾಯ. ರಾತ್ರಿ ಪಾಳಿ ಕೆಲಸ ಬಹುಶಃ ಕ್ಯಾನ್ಸರ್ ತರಬಲ್ಲದು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಗುರುತಿಸಿತು, 2019ರಲ್ಲಿ ಮತ್ತೆ ಅದನ್ನೇ ಹೇಳಿತು. ನರ್ಸ್, ಕಾವಲುಗಾರ, ಚಾಲಕ ತಮ್ಮ ಇಷ್ಟದಿಂದ ಎಚ್ಚರ ಇರುವವರಲ್ಲ. ಪಾಳಿಯ ಪಟ್ಟಿ ಬರೆಯುವವರು ಬದಲಾಗದೆ ಅವರ ನಿದ್ದೆ ಬದಲಾಗದು. ಬೆಳಗ್ಗೆ ನಡೆಯಿರಿ ಅಂದರೆ ನಡೆಯಲು ಫುಟ್‌ಪಾತ್ ಬೇಕು, ಅದನ್ನು ಒಬ್ಬರೇ ಕಟ್ಟಿಕೊಳ್ಳಲಾಗುವುದಿಲ್ಲ.

ಸುತ್ತಲಿನ ವ್ಯವಸ್ಥೆ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳು ನನಗೆ ಯಾವಾಗಲೂ ನೆನಪಾಗುತ್ತವೆ. ಅಲ್ಲಿ ದೂರದ್ದು ಮಬ್ಬಾಗಿ ಕಾಣುವ ಸಮೀಪದೃಷ್ಟಿ ದೋಷ ಮಕ್ಕಳಲ್ಲಿ ವಿಪರೀತ ಏರಿತ್ತು. ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ತೆಗೆದುಕೊಂಡು, ಆರರಲ್ಲಿ ಒಂದನೇ ತರಗತಿ ಮಕ್ಕಳ ವೇಳಾಪಟ್ಟಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಸೇರಿಸಿದರು. ಉಳಿದ ಆರು ಶಾಲೆಗಳು ಮೊದಲಿನಂತೆಯೇ ನಡೆದವು. ಮೂರು ವರ್ಷದ ಕೊನೆಗೆ, ಹೊರಗೆ ಹೋಗದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಹೊಸದಾಗಿ ದೋಷ ಬಂದಿತ್ತು. ಹೊರಗೆ ಹೋದ ಶಾಲೆಗಳಲ್ಲಿ ಶೇ. 30.4. ಹಗಲಿನ ಬೆಳಕಿಗೆ ಕಣ್ಣಿನ ಪರದೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೊರಬರುತ್ತದೆ, ಅದು ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯದಂತೆ ತಡೆಯುತ್ತದೆ ಅನ್ನುವುದು ಈಗಿನ ಮುಖ್ಯ ವಿವರಣೆ. ಹಿಂದೆ ಮಕ್ಕಳಿಗೆ ಇದು ಪುಕ್ಕಟೆ ಸಿಗುತ್ತಿತ್ತು. ಈಗ ಟೈಮ್‌ಟೇಬಲ್‌ನಲ್ಲಿ ಬರೆಯಬೇಕಾಗಿದೆ. ಬರೆಯೋಣ, ಅದರಲ್ಲಿ ನಾಚಿಕೆ ಏನಿದೆ?

ಮನೆಯಲ್ಲಿ ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಏಳುವ ಹೊತ್ತಿನಿಂದ ಅನ್ನುತ್ತೇನೆ. ಮಲಗುವ ಹೊತ್ತು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಏಳುವ ಹೊತ್ತು ಇದೆ. ಭಾನುವಾರವೂ ಅದೇ ಹೊತ್ತಿಗೆ ಏಳಿ. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ನಿಮಿಷ ಹೊರಗೆ ಇರಿ. ಸೂರ್ಯನನ್ನು ನೇರ ನೋಡಬಾರದು, ಆಕಾಶದ ಕೆಳಗಿದ್ದರೆ ಸಾಕು. ಕಿಟಕಿಯ ಒಳಗೆ ಕೂತರೆ ಬೆಳಕಿನ ಬಹುಭಾಗ ಹೊರಗೇ ಉಳಿಯುತ್ತದೆ. ಸುಮ್ನೆ ನಿಲ್ಲಲು ಬೇಸರವಾದರೆ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ನನ್ನ ಜೊತೆ ಪಕ್ಕದ ಮನೆಯವರು ಬರುತ್ತಾರೆ. ಮಳೆ ಬಂದ ದಿನ ನಾನು ತಪ್ಪಿಸಿಕೊಳ್ಳಬೇಕು ಅಂದುಕೊಂಡರೆ, ಅವರು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.